ಯುಟಿವಿ ಹತ್ತುವ ಮೊದಲು: ಏನನ್ನು ನೋಡಬೇಕು, ಏಕೆ ನೋಡಬೇಕು

ಸ್ಟೀರಿಂಗ್ ಇದೆ, ಕಾಲಡಿ ಎರಡು ಪೆಡಲ್ ಇವೆ, ಪಕ್ಕಪಕ್ಕದಲ್ಲಿ ಸೀಟುಗಳಿವೆ, ಸೀಟ್ ಬೆಲ್ಟ್ ಇದೆ, ಹಿಂದೆ ಸಾಮಾನು ಹೇರಲು ಬೆಡ್ ಇದೆ. ಯುಟಿವಿ ಅಥವಾ ಸೈಡ್-ಬೈ-ಸೈಡ್ ಎಂದು ಕರೆಯುವ ಈ ವಾಹನ ಮೊದಲ ನೋಟಕ್ಕೆ ಪುಟ್ಟ ಜೀಪು. ಹ್ಯಾಂಡಲ್ ಹಿಡಿದು ಬೈಕಿನ ಹಾಗೆ ಕಾಲು ಅಗಲಿಸಿ ಕೂರುವ ಎಟಿವಿಗೆ ಹೋಲಿಸಿದರೆ ಎಷ್ಟೋ ಭದ್ರ ಅಂತಲೂ ಅನ್ನಿಸುತ್ತದೆ. ಹಾಗಾಗಿ ಕಾರು ಓಡಿಸಿ ರೂಢಿಯಿದ್ದವರು ಹಿಂದೆಮುಂದೆ ನೋಡದೆ ಹತ್ತಿ ಕೀ ತಿರುಗಿಸಿಬಿಡುತ್ತಾರೆ. ಕಾರಿನಲ್ಲಿ ಕಲಿತ ಎಷ್ಟೋ ಅಂದಾಜುಗಳು ಇಲ್ಲಿ ಕೈಕೊಡುತ್ತವೆ ಎಂಬುದು ಗೊತ್ತಾಗುವ ಹೊತ್ತಿಗೆ ವಾಹನ ಮಗ್ಗುಲಾಗಿರುತ್ತದೆ.

ಹೊರಡುವ ಮುನ್ನ ಏನೇನು ತಪಾಸಣೆ ಮಾಡಬೇಕು ಎಂಬ ಪಟ್ಟಿ ಪ್ರತಿ ವಾಹನದ ಕೈಪಿಡಿಯಲ್ಲೂ ಇರುತ್ತದೆ. ಪಟ್ಟಿ ಓದಿ ಮರೆಯುವುದು ಸುಲಭ. ಒಂದೊಂದು ಸಾಲಿನ ಹಿಂದಿರುವ ಕಾರಣ ಗೊತ್ತಾದರೆ ಮರೆಯುವುದು ಕಷ್ಟ. ಆ ಕಾರಣಗಳ ಬೆನ್ನುಹತ್ತಿ ಹೋದರೆ ಹೆಚ್ಚಿನವು ಬಂದು ನಿಲ್ಲುವುದು ಒಂದೇ ಕಡೆ: ಈ ವಾಹನ ಕಾರಿಗಿಂತ ಬಹಳ ಸುಲಭವಾಗಿ ಮಗುಚುತ್ತದೆ.

ಮಗುಚುವುದರ ಲೆಕ್ಕ

ಕಲ್ಲು, ಬೇರು, ಗುಂಡಿಗಳನ್ನು ದಾಟಬೇಕಾದ ವಾಹನದ ಹೊಟ್ಟೆ ನೆಲದಿಂದ ಎತ್ತರದಲ್ಲಿರಬೇಕು. ಇಕ್ಕಟ್ಟಾದ ದಾರಿಯಲ್ಲಿ ನುಸುಳಬೇಕಾದರೆ ಮೈ ಅಗಲವಿರಬಾರದು. ಈ ಎರಡೂ ಗುಣ ಸೇರಿದರೆ ನಿಲುವು ಸಡಿಲವಾಗುತ್ತದೆ. ಎಷ್ಟು ಸಡಿಲ ಎಂದು ತಿಳಿಯಲು ಎಂಜಿನಿಯರುಗಳು ಒಂದು ಸರಳ ಲೆಕ್ಕ ಹಾಕುತ್ತಾರೆ. ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರದಲ್ಲಿ ಅರ್ಧ ತೆಗೆದುಕೊಂಡು ಅದನ್ನು ಗುರುತ್ವ ಕೇಂದ್ರದ, ಅಂದರೆ ಇಡೀ ತೂಕ ಒಟ್ಟುಗೂಡಿದಂತಿರುವ ಬಿಂದುವಿನ, ಎತ್ತರದಿಂದ ಭಾಗಿಸುವುದು. ಚಕ್ರಗಳ ಅಂತರ 1.3 ಮೀಟರ್, ಜನ ಕುಳಿತಾಗ ಗುರುತ್ವ ಕೇಂದ್ರ 0.7 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಉತ್ತರ ಸುಮಾರು 0.93. ತಿರುವಿನಲ್ಲಿ ವಾಹನವನ್ನು ಹೊರಕ್ಕೆ ಎಳೆಯುವ ಬಲ ಅದರ ತೂಕದ ಶೇ. 93ರಷ್ಟಾದರೆ ಒಳಬದಿಯ ಚಕ್ರಗಳು ನೆಲ ಬಿಡುತ್ತವೆ ಎಂದರ್ಥ. ಇದೂ ಕಾಗದದ ಮೇಲಿನ ಮಿತಿ. ಒಂದು ಬದಿಯ ಸಸ್ಪೆನ್ಷನ್ ಕುಗ್ಗುತ್ತದೆ, ಟೈರ್ ಬಾಗುತ್ತದೆ, ನೆಲ ಓರೆಯಾಗಿರುತ್ತದೆ. ನಿಜವಾದ ಮಿತಿ ಇನ್ನೂ ಕೆಳಗಿರುತ್ತದೆ.

ಈಗ ಬಲ ಎಷ್ಟು ಬೇಗ ಏರುತ್ತದೆ ನೋಡಿ. 10 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಸುತ್ತಿದರೆ ಹೊರಕ್ಕೆಳೆಯುವ ಬಲ ತೂಕದ ಶೇ. 31. ವೇಗ 30 ಆದರೆ ಶೇ. 71. 40 ಆದರೆ ಶೇ. 126. ವೇಗ ಎರಡು ಪಟ್ಟಾದಾಗ ಬಲ ನಾಲ್ಕು ಪಟ್ಟಾಗುತ್ತದೆ. 20ರಲ್ಲಿ ಆರಾಮಾಗಿ ತಿರುಗಿದ ವಾಹನ 40ರಲ್ಲಿ ಯಾವ ಮುನ್ಸೂಚನೆಯನ್ನೂ ಕೊಡದೆ ಉರುಳುವುದು ಹೀಗೆ.

ಸಡಿಲ ಮಣ್ಣಿನಲ್ಲಾದರೆ ಬಲ ಅಷ್ಟು ಏರುವ ಮೊದಲೇ ಟೈರ್ ಜಾರುತ್ತದೆ. ಜಾರಿದ ವಾಹನ ನೆಟ್ಟಗೇ ಉಳಿಯುತ್ತದೆ, ಪಕ್ಕದಲ್ಲಿ ಕಲ್ಲಿಗೋ ಚಕ್ರದ ಜಾಡಿಗೋ ತಗುಲಿ ಎಡವದಿದ್ದರೆ. ಡಾಂಬರಿನ ಮೇಲೆ ಟೈರ್ ಜಾರುವುದಿಲ್ಲ, ಕಚ್ಚಿ ಹಿಡಿಯುತ್ತದೆ; ಜಾರಬೇಕಾದದ್ದು ಮಗುಚುತ್ತದೆ. ಇದನ್ನು ಡಾಂಬರು ರಸ್ತೆಯಲ್ಲಿ ಓಡಿಸಬೇಡಿ ಎಂದು ಕಂಪನಿಗಳು ವಾಹನದ ಮೇಲೇ ಎಚ್ಚರಿಕೆ ಅಂಟಿಸುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಹಿಂದಿನ ಆಕ್ಸಲ್‌ನಲ್ಲಿದೆ. ಹಲವು ಮಾದರಿಗಳಲ್ಲಿ ಹಿಂದಿನ ಎರಡೂ ಚಕ್ರಗಳು ಒಂದೇ ವೇಗದಲ್ಲಿ ಸುತ್ತುವಂತೆ ಲಾಕ್ ಆಗಿರುತ್ತವೆ. ಕೆಸರಿನಲ್ಲಿ ಅದು ವರ. ಗಟ್ಟಿ ನೆಲದಲ್ಲಿ ತಿರುಗಿಸಲು ಹೋದರೆ ವಾಹನ ಮೊಂಡುತನ ಮಾಡಿ ನೇರಕ್ಕೇ ತಳ್ಳುತ್ತದೆ. ಅದಕ್ಕೇ ಕೆಲವು ಮಾದರಿಗಳಲ್ಲಿ ಹಿಂದಿನ ಲಾಕ್ ಬಿಡಿಸುವ ಸ್ವಿಚ್ ಕೊಟ್ಟಿರುತ್ತಾರೆ.

ಅಗಲ-ಎತ್ತರದ ಈ ಲೆಕ್ಕ ಎಷ್ಟು ನಿಜ ಎಂಬುದಕ್ಕೆ ಒಂದು ದಾಖಲೆ ಇದೆ. 2009ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಯಮಹಾ ಕಂಪನಿಯ ಜೊತೆ ಸೇರಿ ರೈನೋ ಎಂಬ ಸೈಡ್-ಬೈ-ಸೈಡ್‌ಗೆ ಉಚಿತ ದುರಸ್ತಿ ಪ್ರಕಟಿಸಿತು. ಆಯೋಗ ತನಿಖೆ ಮಾಡಿದ್ದ 50ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚಿನವು ವಾಹನ ಮಗುಚಿದವು. ಮಗುಚಿದ ಪ್ರಕರಣಗಳಲ್ಲಿ ಅನೇಕವು ಸಮತಟ್ಟಾದ ನೆಲದ ಮೇಲೆ, ಸಾಕಷ್ಟು ಕಡಿಮೆ ವೇಗದ ತಿರುವಿನಲ್ಲಿ ಆಗಿದ್ದವು. ಬೆಲ್ಟ್ ಹಾಕದವರೂ ಅನೇಕರಿದ್ದರು. ಕೊಟ್ಟ ಪರಿಹಾರ ಏನು ಗೊತ್ತೇ? ಹಿಂದಿನ ಚಕ್ರಗಳಿಗೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಕೂರಿಸಿ ಅವನ್ನು ಹೊರಕ್ಕೆ ಸರಿಸುವುದು, ಎಡಬಲದ ಸಸ್ಪೆನ್ಷನ್‌ಗಳನ್ನು ಜೋಡಿಸುವ ಹಿಂದಿನ ಸರಳನ್ನು (ಆಂಟಿ-ಸ್ವೇ ಬಾರ್) ತೆಗೆದುಹಾಕುವುದು. ಅಷ್ಟು ಸಣ್ಣ ಬದಲಾವಣೆಗೆ ಅಷ್ಟು ಬೆಲೆ ಇದೆ ಎಂದಾದರೆ, ಒಂದು ಟೈರಿನಲ್ಲಿ ಗಾಳಿ ಇಳಿದಿರುವುದಕ್ಕೂ ಬೆಡ್‌ನಲ್ಲಿ ಎತ್ತರಕ್ಕೆ ಪೇರಿಸಿದ ಚೀಲಗಳಿಗೂ ಬೆಲೆ ಇದ್ದೇ ಇದೆ.

ಚಕ್ರದಿಂದ ಶುರು

ಅಮೆರಿಕದ ಎಟಿವಿ ತರಬೇತಿಗಳಲ್ಲಿ ಟಿ-ಕ್ಲಾಕ್ ಎಂಬ ಕ್ರಮ ಕಲಿಸುತ್ತಾರೆ: ಮೊದಲು ಟೈರು ಮತ್ತು ಚಕ್ರ, ಆಮೇಲೆ ಕಂಟ್ರೋಲು ಮತ್ತು ಕೇಬಲ್, ಲೈಟು ಮತ್ತು ವಯರಿಂಗ್, ಆಯಿಲ್ ಮತ್ತು ಇಂಧನ, ಕೊನೆಗೆ ಚೈನ್ ಅಥವಾ ಡ್ರೈವ್‌ಶಾಫ್ಟ್ ಹಾಗೂ ಚಾಸಿ. ಯುಟಿವಿಗೂ ಅದು ಸರಿಹೊಂದುತ್ತದೆ. ಯಾವ ಕ್ರಮವಾದರೂ ಸರಿ, ಪ್ರತಿ ಸಲ ಅದೇ ಕ್ರಮದಲ್ಲಿ ಹೋದರೆ ಬಿಟ್ಟುಹೋದದ್ದು ತಾನಾಗಿ ಗಮನಕ್ಕೆ ಬರುತ್ತದೆ.

ಟೈರಿನ ಗಾಳಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಹೆಚ್ಚಿನವರು ಅಂದಾಜಿನ ಮೇಲೆ ಬಿಡುವುದು ಇದನ್ನೇ. ಕಾರಿನ ಟೈರಿಗೆ 30 ಪಿಎಸ್‌ಐ ಆಸುಪಾಸು ಹಾಕುತ್ತೇವೆ. ಯುಟಿವಿಯ ಟೈರುಗಳಿಗೆ ಸಾಮಾನ್ಯವಾಗಿ ಬೇಕಾದದ್ದು 8ರಿಂದ 20ರ ಒಳಗೆ. ಮಾದರಿಗೊಂದು ಲೆಕ್ಕ, ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ, ಲೋಡ್ ಇದ್ದಾಗ ಮತ್ತೆ ಬೇರೆ. ಕಾರಿನಲ್ಲಿ 3 ಪಿಎಸ್‌ಐ ಕಡಿಮೆಯಾದರೆ ಹತ್ತರಲ್ಲೊಂದು ಭಾಗ ಇಳಿದಂತೆ. 12 ಪಿಎಸ್‌ಐ ಬೇಕಾದ ಟೈರಿನಲ್ಲಿ 3 ಇಳಿದರೆ ಕಾಲು ಭಾಗವೇ ಹೋಯಿತು. ತಿರುವಿನಲ್ಲಿ ಆ ಟೈರ್ ಒಳಕ್ಕೆ ಮಡಚಿಕೊಳ್ಳುತ್ತದೆ, ಕೆಲವೊಮ್ಮೆ ರಿಮ್ಮಿನಿಂದಲೇ ಕಳಚಿಕೊಳ್ಳುತ್ತದೆ. ಗಾಳಿ ಹೆಚ್ಚಾದರೆ ಟೈರು ಪುಟಿಯುತ್ತದೆ, ನೆಲದ ಹಿಡಿತ ತಪ್ಪುತ್ತದೆ. ಎಡಬಲದಲ್ಲಿ ಹೆಚ್ಚುಕಡಿಮೆಯಾದರೆ ವಾಹನ ಒಂದು ಕಡೆಗೆ ಎಳೆಯುತ್ತದೆ.

ಕಾಲಿನಿಂದ ಒದ್ದು ನೋಡಿ ಇದನ್ನು ತಿಳಿಯಲಾಗದು. ಲಾರಿಗಳಿಗೆ ಬಳಸುವ ದೊಡ್ಡ ಗೇಜಿನಲ್ಲೂ ಆಗದು; ಅದರ ಮುಳ್ಳು ಇಷ್ಟು ಕಡಿಮೆ ಒತ್ತಡದಲ್ಲಿ ನಂಬಿಕೆಗೆ ತಕ್ಕುದಲ್ಲ. ಕಡಿಮೆ ಒತ್ತಡಕ್ಕೆಂದೇ ಮಾಡಿದ ಗೇಜ್ ಒಂದನ್ನು ವಾಹನದಲ್ಲಿಯೇ ಇಡಿ. ಓಡಿಸುವ ಮೊದಲು, ಟೈರ್ ತಣ್ಣಗಿರುವಾಗಲೇ ಅಳೆಯಿರಿ. ಬಿಸಿಯಾದ ಟೈರ್ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕೊರತೆಯಾಗುತ್ತದೆ.

ಗೇಜ್ ಹಿಡಿದು ಬಗ್ಗಿದಾಗಲೇ ಉಳಿದದ್ದನ್ನೂ ನೋಡಿಬಿಡಬಹುದು. ಟೈರಿನ ಪಕ್ಕಗೋಡೆಯಲ್ಲಿ ಸೀಳು, ಚುಚ್ಚಿದ ಮುಳ್ಳು, ಬಗ್ಗಿದ ರಿಮ್ಮು. ವೀಲ್ ನಟ್‌ಗಳ ಸುತ್ತ ತುಕ್ಕಿನ ಗೆರೆ ಅಥವಾ ಹೊಳೆಯುವ ಉಜ್ಜಿದ ಗುರುತು ಕಂಡರೆ ನಟ್ ಸಡಿಲವಾಗಿ ಚಕ್ರ ಅಲ್ಲಾಡಿದೆ ಎಂದು ತಿಳಿಯಿರಿ. ನಟ್‌ಗಳನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಲು ಟಾರ್ಕ್ ರೆಂಚ್ ಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ನೋಡುವುದು ಒಳ್ಳೆಯದು.

ಇನ್ನೊಂದು ಪರೀಕ್ಷೆಗೆ ಜ್ಯಾಕ್ ಬೇಕು, ಹಾಗಾಗಿ ಪ್ರತಿ ದಿನ ಆಗದು, ಆಗಾಗ ಮಾಡಿದರೆ ಸಾಕು. ಮಿಕ್ಕ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಒಂದು ಮುಂಚಕ್ರವನ್ನು ನೆಲದಿಂದ ಎತ್ತಿ. ಟೈರಿನ ಮೇಲ್ಭಾಗ ಮತ್ತು ಕೆಳಭಾಗ ಹಿಡಿದು ಒಳಹೊರಗೆ ಅಲ್ಲಾಡಿಸಿ. ‘ಟಕ್ ಟಕ್’ ಎಂದು ಆಡಿದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಈಗ ಎಡ ಮತ್ತು ಬಲ ಅಂಚು ಹಿಡಿದು ಅಲ್ಲಾಡಿಸಿ. ಇಲ್ಲಿ ಮಾತ್ರ ಆಟವಿದ್ದರೆ ಸ್ಟೀರಿಂಗಿನ ಟೈ ರಾಡ್ ಮೇಲೆ ಅನುಮಾನ ಪಡಬೇಕು. ಚಕ್ರದ ಹಿಂದೆ ಕೈ ಹಾಕಿದರೆ ಮಡಿಕೆ ಮಡಿಕೆಯ ರಬ್ಬರ್ ಬೂಟ್ ಸಿಗುತ್ತದೆ. ಅದರೊಳಗೆ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿದರೂ ಮೇಲೆಕೆಳಗೆ ಆಡಿದರೂ ಆಕ್ಸಲ್‌ನ ಬಲವನ್ನು ಅದಕ್ಕೆ ಮುಟ್ಟಿಸುವ ಕೀಲು, ಇದೆ. ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ಸೀಳಿದ್ದರೆ ಗ್ರೀಸ್ ಹೊರಗೆ ಚಿಮ್ಮಿ ರಿಮ್ಮಿನ ಒಳಮೈಗೆ ಕಪ್ಪಗೆ ಅಂಟಿರುತ್ತದೆ. ಆ ಸೀಳಿನಿಂದಲೇ ಮರಳು, ನೀರು ಒಳಹೋಗಿ ಜಾಯಿಂಟನ್ನು ತಿಂದುಹಾಕುತ್ತವೆ. ಬೂಟ್ ಬದಲಿಸುವ ಖರ್ಚು ಸಣ್ಣದು, ಆಕ್ಸಲ್ ಬದಲಿಸುವುದು ದೊಡ್ಡದು.

ಪೆಡಲ್, ಸ್ಟೀರಿಂಗ್, ಬ್ರೇಕ್

ಎಂಜಿನ್ ಆಫ್ ಇರುವಾಗಲೇ ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ಒತ್ತಿ ಬಿಡಿ. ಥಟ್ಟನೆ ವಾಪಸ್ ಬರಬೇಕು. ಸ್ಟೀರಿಂಗನ್ನು ಎಡಕ್ಕೆ ಕೊನೆತನಕ ತಿರುಗಿಸಿ ಒಮ್ಮೆ, ಬಲಕ್ಕೆ ತಿರುಗಿಸಿ ಒಮ್ಮೆ ಇದನ್ನೇ ಮಾಡಿ. ಕೇಬಲ್ ಎಲ್ಲಾದರೂ ಸಿಕ್ಕಿಕೊಳ್ಳುತ್ತಿದ್ದರೆ ಆಗ ಗೊತ್ತಾಗುತ್ತದೆ. ಪೆಡಲ್ ಕೆಳಗೆ ಕಲ್ಲು, ಒಣಗಿದ ಕೆಸರು, ಉರುಳಿಬಂದ ನೀರಿನ ಬಾಟಲಿ ಇಲ್ಲವೆಂದು ಕಣ್ಣಾರೆ ನೋಡಿ.

ಬ್ರೇಕ್ ಪೆಡಲನ್ನು ಒತ್ತಿ ಹತ್ತು ಸೆಕೆಂಡು ಹಾಗೇ ಹಿಡಿಯಿರಿ. ಕಾಲಿಗೆ ಗಟ್ಟಿಯಾಗಿ ಸಿಕ್ಕಿ ಅಲ್ಲೇ ನಿಂತರೆ ಸರಿ. ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ನಿಧಾನಕ್ಕೆ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಎರಡರಲ್ಲಿ ಯಾವುದಾದರೂ ಆ ದಿನ ವಾಹನ ಹೊರಡಬಾರದು. ಬ್ರೇಕ್ ಫ್ಲೂಯಿಡ್ ಡಬ್ಬಿಯ ಮೇಲೆ ಕನಿಷ್ಠ-ಗರಿಷ್ಠ ಗೆರೆಗಳಿವೆ. ಕಡಿಮೆಯಾಗಿದ್ದರೆ ತುಂಬುವ ಮೊದಲು ಏಕೆ ಕಡಿಮೆಯಾಯಿತು ಎಂದು ಕೇಳಿಕೊಳ್ಳಿ. ಪ್ಯಾಡ್ ಸವೆದಾಗಲೂ ಮಟ್ಟ ಇಳಿಯುತ್ತದೆ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯದ್ದನ್ನೇ, ಹೊಸ ಡಬ್ಬಿ ಒಡೆದು ಹಾಕಿ. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ತೇವ ಸೇರಿದ ಫ್ಲೂಯಿಡ್ ಉದ್ದನೆಯ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ, ವಾಹನ ಮಾತ್ರ ನಿಲ್ಲುವುದಿಲ್ಲ.

ಲೈಟು, ಬ್ರೇಕ್ ಲೈಟು, ಹಾರ್ನು, ಬ್ಯಾಟರಿ ತುದಿಗಳ ಬಿಗಿ: ಇವಕ್ಕೆ ಒಂದು ನಿಮಿಷ ಸಾಕು.

ಕೇಜ್ ಮತ್ತು ಬೆಲ್ಟ್, ಎರಡೂ ಸೇರಿ ಒಂದೇ

ತಲೆಯ ಮೇಲಿರುವ ಕಬ್ಬಿಣದ ಪಂಜರ, ಅಂದರೆ ರೋಲ್ ಕೇಜ್, ಎಲ್ಲರಿಗೂ ಧೈರ್ಯ ಕೊಡುತ್ತದೆ. ಆ ಧೈರ್ಯ ಅರ್ಧಸತ್ಯ. ಕೇಜ್ ಕಾಪಾಡುವುದು ತನ್ನೊಳಗೆ ಉಳಿದವರನ್ನು ಮಾತ್ರ. ಬೆಲ್ಟ್ ಹಾಕದ ವ್ಯಕ್ತಿ ವಾಹನ ವಾಲಿದಾಗ ಹೊರಕ್ಕೆ ಎಸೆಯಲ್ಪಡುತ್ತಾನೆ, ಅದೇ ಕೇಜ್ ಅವನ ಮೇಲೆ ಬೀಳುತ್ತದೆ. ಕೆಲವು ಮಾದರಿಗಳಲ್ಲಿ ಚಾಲಕನ ಬೆಲ್ಟ್ ಹಾಕದಿದ್ದರೆ ವೇಗ ಏರದಂತೆ ವ್ಯವಸ್ಥೆಯಿದೆ. ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಆ ವ್ಯವಸ್ಥೆಗೆ ಮೋಸ ಮಾಡುವವರಿದ್ದಾರೆ. ಅವರನ್ನು ಕಂಡರೆ ದಯವಿಟ್ಟು ತಡೆಯಿರಿ. ಕೆಲಸದ ಅವಸರದಲ್ಲಿ ಮತ್ತೆ ಮತ್ತೆ ಇಳಿದು ಹತ್ತಬೇಕಾದವರಿಗೆ ಬೆಲ್ಟ್ ಕಿರಿಕಿರಿ ಎಂಬುದು ನಿಜ. ಆದರೆ ಅಪಘಾತಕ್ಕೆ ದೂರದ ಪ್ರಯಾಣವೇ ಬೇಕೆಂದಿಲ್ಲ.

ತಪಾಸಣೆಯಲ್ಲಿ ಬೆಲ್ಟಿನ ಪಟ್ಟಿಯನ್ನು ಪೂರ್ತಿ ಹೊರಗೆಳೆದು ಅಂಚು ಹರಿದಿದೆಯೇ, ಎಳೆ ಬಿಟ್ಟಿದೆಯೇ ನೋಡಿ. ಬಕಲ್ ‘ಕ್ಲಿಕ್’ ಎಂದು ಕೂರಬೇಕು, ಎಳೆದರೆ ಬಿಚ್ಚಬಾರದು. ಕೆಸರು ಸೇರಿದ ಬಕಲ್ ಕೂತಂತೆ ಕಂಡು ಕೈಕೊಡುತ್ತದೆ. ಕೇಜಿನ ವೆಲ್ಡಿಂಗ್ ಸುತ್ತ ಬಿರುಕು, ಸಡಿಲ ಬೋಲ್ಟು ಇದೆಯೇ ಗಮನಿಸಿ. ಲೈಟು ಅಥವಾ ಸ್ಪೀಕರ್ ಕೂರಿಸಲು ಕೇಜಿಗೆ ತೂತು ಕೊರೆಯುವುದು, ಏನನ್ನಾದರೂ ವೆಲ್ಡ್ ಮಾಡುವುದು ಅದರ ಬಲ ಕುಗ್ಗಿಸುತ್ತದೆ. ಒಮ್ಮೆ ಮಗುಚಿದ ವಾಹನದ ಕೇಜ್ ಕಣ್ಣಿಗೆ ನೆಟ್ಟಗೆ ಕಂಡರೂ ಅಧಿಕೃತ ಸರ್ವಿಸ್‌ನವರು ನೋಡದೆ ಅದನ್ನು ನಂಬುವಂತಿಲ್ಲ.

ಕೈಗಳ ವಿಷಯ ಬೇರೆಯೇ ಹೇಳಬೇಕು. ವಾಹನ ವಾಲಿದ ಕ್ಷಣ ಎಂಥವರಿಗೂ ಕೈ ಹೊರಚಾಚಿ ನೆಲಕ್ಕೆ ಊರಬೇಕು, ಇಲ್ಲವೇ ಕೇಜಿನ ಕಂಬ ಹಿಡಿಯಬೇಕು ಅನ್ನಿಸುತ್ತದೆ. ಯೋಚಿಸುವ ಮೊದಲೇ ಕೈ ಹೋಗಿರುತ್ತದೆ. ನೂರಾರು ಕೆ.ಜಿ. ಭಾರ ಬೀಳುವ ಜಾಗ ಅದೇ. ಬಾಗಿಲು ಅಥವಾ ಬಲೆ ಇರುವ ವಾಹನದಲ್ಲಿ ಅವನ್ನು ಹಾಕಿಯೇ ಹೊರಡಬೇಕು. ಪಕ್ಕದವರಿಗೆ ಹಿಡಿಕೆ ಎಲ್ಲಿದೆ ಎಂದು ತೋರಿಸಿ, ಏನೇ ಆದರೂ ಅದನ್ನು ಬಿಡಬೇಡಿ ಎಂದು ಹೊರಡುವ ಮೊದಲೇ ಹೇಳಿ. ಬೆನ್ನು ಸೀಟಿಗೆ ಒರಗಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರಿ, ಹಿಡಿಕೆ ಕೈಗೆಟುಕಬೇಕು. ಇಷ್ಟು ಆಗದ ಮಗು ಆ ಸೀಟಿನಲ್ಲಿ ಕೂರುವ ಹಾಗಿಲ್ಲ, ಯಾರ ತೊಡೆಯ ಮೇಲೂ ಕೂರುವ ಹಾಗಿಲ್ಲ. ಹಿಂದಿನ ಬೆಡ್‌ನಲ್ಲಿ ಜನರನ್ನು ಕೂರಿಸುವುದಂತೂ ಬೇಡವೇ ಬೇಡ. ದೊಡ್ಡ ಗಾತ್ರದ ವಾಹನಗಳಲ್ಲಿ ಚಾಲಕರಿಗೆ ಕನಿಷ್ಠ 16 ವರ್ಷ ಆಗಿರಬೇಕು ಎಂಬುದು ಸಾಮಾನ್ಯ ಸೂಚನೆ. ಹೆಲ್ಮೆಟ್ ಮತ್ತು ಕಣ್ಣಿಗೆ ರಕ್ಷಣೆ ಎಲ್ಲರಿಗೂ ಬೇಕು.

ಆಯಿಲ್, ಧೂಳು, ಬೆಂಕಿ

ಎಂಜಿನ್ ಆಯಿಲನ್ನು ವಾಹನ ಸಮತಟ್ಟಿನಲ್ಲಿರುವಾಗ ನೋಡಬೇಕು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಎಂಜಿನ್ ಚಾಲೂ ಮಾಡಬೇಡಿ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಬೇಡಿ. ರೇಡಿಯೇಟರಿನ ಮುಖಕ್ಕೆ ಮೆತ್ತಿದ ಕೆಸರು ಒಣಗಿದರೆ ಗಾಳಿ ಆಡದೆ ಎಂಜಿನ್ ಕಾಯುತ್ತದೆ. ಏರ್ ಫಿಲ್ಟರ್ ಕೂಡ ಅಷ್ಟೇ ಮುಖ್ಯ: ಒಂದು ವಾಹನದ ಹಿಂದೆ ಇನ್ನೊಂದು ಧೂಳು ಕುಡಿಯುತ್ತ ಹೋಗುವಾಗ ಫಿಲ್ಟರ್ ಬೇಗ ಕಟ್ಟುತ್ತದೆ, ಸರಿಯಾಗಿ ಕೂರದ ಫಿಲ್ಟರಿನ ಸಂದಿಯಿಂದ ನುಗ್ಗಿದ ಮರಳು ಸಿಲಿಂಡರನ್ನು ಉಜ್ಜಿಹಾಕುತ್ತದೆ. ಬಹಳ ದಿನ ನಿಲ್ಲಿಸಿದ್ದ ವಾಹನದ ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿರುವುದೂ ಉಂಟು.

ಇಂಧನ ತುಂಬುವಾಗ ಎಂಜಿನ್ ಆಫ್ ಆಗಿ ತಣ್ಣಗಿರಬೇಕು. ಕ್ಯಾನಿಗೆ ಪೆಟ್ರೋಲ್ ಹಾಕಿಸುವಾಗ ಅದನ್ನು ವಾಹನದ ಪ್ಲಾಸ್ಟಿಕ್ ಬೆಡ್ ಮೇಲಿಟ್ಟು ತುಂಬಬೇಡಿ, ನೆಲದ ಮೇಲಿಡಿ. ಬೆಡ್ ಮೇಲಿರುವ ಕ್ಯಾನಿನಲ್ಲಿ ಸೇರುವ ಸ್ಥಿರ ವಿದ್ಯುತ್ತಿಗೆ ನೆಲಕ್ಕೆ ಹರಿದುಹೋಗಲು ದಾರಿಯಿಲ್ಲ. ಒಂದು ಕಿಡಿ ಸಾಕು. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ಬಿಸಿ ಮಾಡುವ ಅಭ್ಯಾಸವೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಒಣಹುಲ್ಲಿನಲ್ಲಿ ಓಡಾಡಿದ ವಾಹನಕ್ಕೆ ಇನ್ನೊಂದು ಅಪಾಯವಿದೆ. ಹೊಟ್ಟೆಯಡಿಯ ರಕ್ಷಣಾ ತಗಡಿನ ಸಂದಿಗಳಿಂದ ಹುಲ್ಲು, ಎಲೆ, ಕಡ್ಡಿ ಒಳಸೇರಿ ಸೈಲೆನ್ಸರ್ ಪೈಪಿನ ಸುತ್ತ ಕೂರುತ್ತವೆ. ಮೇಲಿನಿಂದ ಕಾಣುವುದಿಲ್ಲ. ಪೈಪ್ ಕಾದಾಗ ಅದೇ ಹೊತ್ತಿಕೊಳ್ಳುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿ, ಪೈಪ್ ತಣ್ಣಗಿರುವಾಗ ಕೈಯಿಂದಲೇ ಕಿತ್ತು ತೆಗೆಯಿರಿ. ದಿನವಿಡೀ ಹುಲ್ಲಿನಲ್ಲಿ ಕೆಲಸವಿದ್ದರೆ ನಡುವೆ ನಿಲ್ಲಿಸಿ ಮತ್ತೆ ನೋಡಬೇಕು.

ಲೋಡ್

ವಾಹನದ ಮೇಲೆ ಬರೆದಿರುವ ಒಟ್ಟು ಭಾರದ ಮಿತಿಯಲ್ಲಿ ಕುಳಿತವರ ತೂಕವೂ ಸೇರಿದೆ. ಆಮೇಲೆ ಹಾಕಿಸಿದ ವಿಂಚ್ (ಸಿಕ್ಕಿಕೊಂಡ ವಾಹನವನ್ನು ಹಗ್ಗದಿಂದ ಎಳೆಯುವ ಯಂತ್ರ), ಛಾವಣಿ, ಗಾಜು ಕೂಡ ಸೇರಿವೆ. ಬೆಡ್‌ಗೆ ಪ್ರತ್ಯೇಕ ಮಿತಿ ಇದೆ, ಎರಡನ್ನೂ ಮೀರಬಾರದು. ಭಾರವನ್ನು ಕೆಳಗೆ, ಆದಷ್ಟು ಮುಂದಕ್ಕೆ ಜೋಡಿಸಿ ಕಟ್ಟಿ. ಎತ್ತರಕ್ಕೆ ಪೇರಿಸಿದರೆ ಮೇಲಿನ ಲೆಕ್ಕದಲ್ಲಿ ಗುರುತ್ವ ಕೇಂದ್ರ 0.7ರಿಂದ 0.8ಕ್ಕೆ ಏರಿತು ಎಂದುಕೊಳ್ಳಿ, 0.93 ಇದ್ದದ್ದು 0.81ಕ್ಕೆ ಇಳಿಯುತ್ತದೆ. ಅರ್ಧ ತುಂಬಿದ ನೀರಿನ ಅಥವಾ ಔಷಧಿ ಸಿಂಪಡಿಸುವ ಟ್ಯಾಂಕ್ ಇನ್ನೂ ಕೆಟ್ಟದ್ದು. ತಿರುವಿನಲ್ಲಿ ದ್ರವವೆಲ್ಲ ಹೊರಬದಿಗೆ ನುಗ್ಗಿ ಭಾರವನ್ನೂ ಅಲ್ಲಿಗೇ ಒಯ್ಯುತ್ತದೆ.

ಹೊರಟ ಮೇಲೆ

ಬ್ರೇಕ್ ಒತ್ತಿ, ಗೇರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿಟ್ಟು ಚಾಲೂ ಮಾಡಿ. ಹೈ, ಲೋ, ರಿವರ್ಸ್ ನಡುವೆ ಬದಲಿಸಲು ವಾಹನ ಪೂರ್ತಿ ನಿಂತಿರಬೇಕು. ಮೊದಲ ಕೆಲವು ಮೀಟರುಗಳನ್ನು ಪರೀಕ್ಷೆಗೆಂದೇ ಇಡಿ: ನಡಿಗೆಯ ವೇಗದಲ್ಲಿ ಬ್ರೇಕ್ ಹಿಡಿದು ನೋಡಿ, ಒಂದು ಕಡೆಗೆ ಎಳೆಯುತ್ತದೆಯೇ ಗಮನಿಸಿ, ಎಡಬಲ ತಿರುಗಿಸಿ ಸದ್ದು ಕೇಳಿ.

ಹೆಚ್ಚಿನ ಯುಟಿವಿಗಳಲ್ಲಿ ಎಂಜಿನ್ ಬಲವನ್ನು ಚಕ್ರಗಳತ್ತ ಒಯ್ಯಲು ಗೇರಿನ ಜೊತೆ ಸಿವಿಟಿ ಎಂಬ ರಬ್ಬರ್ ಬೆಲ್ಟಿನ ವ್ಯವಸ್ಥೆ ಇದೆ. ಹೈ ಗೇರಿನಲ್ಲಿ ಭಾರ ಎಳೆಯುತ್ತ, ಏರು ಹತ್ತುತ್ತ ನಿಧಾನವಾಗಿ ಹೋದರೆ ಬೆಲ್ಟ್ ಜಾರಿ ಸುಡುತ್ತದೆ. ನಿಧಾನ, ಭಾರ, ಏರು, ಇಳಿಜಾರು, ಇವುಗಳಲ್ಲಿ ಯಾವುದಿದ್ದರೂ ಲೋ ಗೇರ್. ಎಡಬಲ ಚಕ್ರಗಳನ್ನು ಒಂದೇ ವೇಗದಲ್ಲಿ ಸುತ್ತಿಸುವ ಡಿಫರೆನ್ಷಿಯಲ್ ಲಾಕ್ ಹಾಕಿದಾಗ ಸ್ಟೀರಿಂಗ್ ಭಾರವಾಗುತ್ತದೆ. ಸಿಕ್ಕಿಕೊಂಡ ಜಾಗ ದಾಟಿದ ಕೂಡಲೇ ತೆಗೆಯಿರಿ. ನೀರು ದಾಟುವುದಾದರೆ ಆಳ ಎಷ್ಟೆಂದು ಮೊದಲು ತಿಳಿದು, ಕೈಪಿಡಿ ಹೇಳಿದ ಮಟ್ಟದೊಳಗೇ ದಾಟಿ. ಆಚೆ ದಡದಲ್ಲಿ ಬ್ರೇಕನ್ನು ಮೆಲ್ಲಗೆ ಹಿಡಿದು ಹಿಡಿದು ಒಣಗಿಸಿ.

ಇಳಿಜಾರಿಗೆ ಹಲವು ಕೆಲಸದ ವಾಹನಗಳ ಕೈಪಿಡಿ ಹಾಕುವ ಮಿತಿ 15 ಡಿಗ್ರಿ. ಅಡ್ಡಕ್ಕೆ 100 ಮೀಟರ್ ಹೋದಾಗ ಸುಮಾರು 27 ಮೀಟರ್ ಏರುವಷ್ಟು. ಅನುಮಾನವಿದ್ದರೆ ಮೊಬೈಲಿನ ಲೆವೆಲ್ ಆ್ಯಪ್ ತೆರೆದು ನೆಲದ ಮೇಲೆ ಹಲಗೆಯಿಟ್ಟು ಅಳೆಯಬಹುದು. ಏರುವುದಾದರೆ ನೇರ ಏರಿ, ಇಳಿಯುವುದಾದರೆ ನೇರ ಇಳಿಯಿರಿ. ದಿಬ್ಬದ ಪಕ್ಕೆಯಲ್ಲಿ ಅಡ್ಡಡ್ಡ ಹೋಗುವುದನ್ನು ಆದಷ್ಟು ತಪ್ಪಿಸಿ. ಅಂಥ ಜಾಗದಲ್ಲಿ ವಾಹನ ಕೆಳಬದಿಗೆ ವಾಲತೊಡಗಿದರೆ ಸ್ಟೀರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಬೇಕು. ಮನಸ್ಸು ಮೇಲಕ್ಕೆ ತಿರುಗಿಸು ಎನ್ನುತ್ತದೆ, ಅದನ್ನು ಕೇಳಬೇಡಿ. ನ್ಯೂಟ್ರಲ್‌ನಲ್ಲಿ ಇಳಿಯಬೇಡಿ, ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ.

ಏರಿನ ಅರ್ಧದಲ್ಲಿ ಎಂಜಿನ್ ಸೋತು ನಿಂತರೆ ಅಲ್ಲೇ ತಿರುಗಿಸಿಕೊಂಡು ಬರುವ ಯೋಚನೆ ಮಾಡಬೇಡಿ. ಬ್ರೇಕ್ ಒತ್ತಿ ಹಿಡಿದು ರಿವರ್ಸ್‌ಗೆ ಹಾಕಿ, ಬ್ರೇಕನ್ನು ಇಷ್ಟಿಷ್ಟೇ ಸಡಿಲಿಸುತ್ತ ಬಂದ ದಾರಿಯಲ್ಲೇ ನೇರ ಹಿಂದಕ್ಕೆ ಇಳಿಯಿರಿ. ಹಿಂದಕ್ಕೆ ಉರುಳುವಾಗ ಥಟ್ಟನೆ ಬ್ರೇಕ್ ಹಾಕಿದರೆ ಮುಂಭಾಗ ಎದ್ದು ವಾಹನ ಹಿಂದಕ್ಕೆ ಪಲ್ಟಿ ಹೊಡೆಯಬಹುದು. ಹಿಂದಕ್ಕೆ ಇಳಿಯುವುದೂ ಆಗದು ಅನ್ನಿಸಿದರೆ ಪಾರ್ಕ್‌ಗೆ ಹಾಕಿ ಅಥವಾ ಹ್ಯಾಂಡ್ ಬ್ರೇಕ್ ಎಳೆದು, ಎಲ್ಲರೂ ಪಕ್ಕಕ್ಕೆ ಇಳಿದು, ವಾಹನದ ಕೆಳಗಡೆ ಯಾರೂ ನಿಲ್ಲದಂತೆ ನೋಡಿಕೊಂಡು, ಚಕ್ರಗಳಿಗೆ ಕಲ್ಲು ಕೊಡಿ. ವಿಂಚ್ ಅಥವಾ ಇನ್ನೊಂದು ವಾಹನ ಬರುವ ತನಕ ಅದು ಅಲ್ಲೇ ಇರಲಿ.